ಕೃಷಿ ಚಾನೆಲ್‌ನ ಎಡಿಟಿಂಗ್ ಹೊರಗೆ ಕೊಡಬೇಕು, ಮೂವರಲ್ಲಿ ಯಾರಿಗೆ ಕೊಡಲಿ?

ವಾರಕ್ಕೆ ಎರಡು ವಿಡಿಯೋ, ಹೆಚ್ಚಿನವು ರೈತರ ಸಂದರ್ಶನ, ಎಲ್ಲ ಫೋನಲ್ಲೇ ಶೂಟ್. ಶೋರೀಲ್ (ತಮ್ಮ ಕೆಲಸದ ಮಾದರಿ ವಿಡಿಯೋ) ಕಳಿಸಿದ ಮೂವರಲ್ಲಿ ಇಬ್ಬರಿಗೆ ಕನ್ನಡ ಬರುವುದಿಲ್ಲ ಅಂತ ಬರೆದಿದ್ದೀರಿ. ಮೊದಲು ಆ ಶೋರೀಲ್‌ಗಳನ್ನು ಪಕ್ಕಕ್ಕಿಡಿ. ಅವುಗಳಲ್ಲಿ ಮಿಂಚುವುದು ಬೇರೆ ಯಾರದೋ ಕ್ಯಾಮೆರಾ ಮತ್ತು ಜೋರು ಮ್ಯೂಸಿಕ್. ನಿಮ್ಮ ಕೆಲಸದಲ್ಲಿ ಇರುವುದು ನಲವತ್ತು ನಿಮಿಷದ ಮಾತು, ಮೈಕಿಗೆ ಬಡಿಯುವ ಗಾಳಿ, ನಡುನಡುವೆ ಟ್ರ್ಯಾಕ್ಟರ್ ಸದ್ದು.

ಮೂವರಿಗೂ ಒಂದೇ ರಾ ಫುಟೇಜ್ (ಎಡಿಟ್ ಮಾಡದ ಮೂಲ ವಿಡಿಯೋ) ಕೊಟ್ಟು ಟೆಸ್ಟ್ ಮಾಡಿಸಿ. ಹತ್ತು ನಿಮಿಷದ್ದನ್ನು ಎರಡು ನಿಮಿಷಕ್ಕೆ ಇಳಿಸಬೇಕು, ಗಡುವು ಎರಡು ದಿನ. ಇದಕ್ಕೆ ದುಡ್ಡು ಕೊಡಿ. ಬಿಟ್ಟಿ ಟೆಸ್ಟ್ ಆದರೆ ಕೈತುಂಬ ಕೆಲಸ ಇರುವವರು ಮಾಡುವುದೇ ಇಲ್ಲ. ನಿಮ್ಮ ಚೆಂದದ ಫುಟೇಜ್ ಬೇಡ, ಗಾಳಿ ಇರುವ, ರೈತರು ಮಾತು ತಡವರಿಸಿರುವ ಭಾಗವನ್ನೇ ಕೊಡಿ.

ಫುಟೇಜ್ ಕೈಗೆ ಬಂದ ಮೇಲೆ ಅವರು ಏನು ಕೇಳುತ್ತಾರೆ ನೋಡಿ. ಆಡಿಯೋ ಬೇರೆ ರೆಕಾರ್ಡರಿನಲ್ಲಿ ಇದೆಯಾ, ಫೋನ್ ಯಾವುದು, ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿಸುವ ಸೆಟ್ಟಿಂಗ್) ಆನ್ ಇತ್ತಾ ಅಂತ ಕೇಳಿದವರಿಗೆ ಕೆಲಸ ಗೊತ್ತು. ಫೋನುಗಳು ಫ್ರೇಮ್ ರೇಟನ್ನು (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಲೆಕ್ಕ) ಒಂದೇ ಸಮ ಇಡುವುದಿಲ್ಲ. ಹಾಗಾಗಿ ಬೇರೆ ಮೈಕಿನ ಧ್ವನಿ ಸೇರಿಸಿದಾಗ ಶುರುವಿನಲ್ಲಿ ತುಟಿಗೆ ಸರಿಯಾಗಿದ್ದದ್ದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜಾರಿರಬಹುದು. ಹ್ಯಾಂಡ್‌ಬ್ರೇಕ್‌ನಂಥ ವಿಡಿಯೋ ಬದಲಿಸುವ ಟೂಲಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿಕೊಂಡರೆ ಸರಿಹೋಗುತ್ತದೆ. ಎಚ್‌ಡಿಆರ್ ಕ್ಲಿಪ್ಪನ್ನು ಎಡಿಟಿಂಗ್ ಸಾಫ್ಟ್‌ವೇರಿನ ಮಾಮೂಲಿ (ಎಚ್‌ಡಿಆರ್ ಅಲ್ಲದ) ಟೈಮ್‌ಲೈನಿಗೆ ಹಾಗೇ ಎಳೆದು ಹಾಕಿದರೆ ಮುಖ, ಆಕಾಶ ಎರಡೂ ಬೆಳ್ಳಗೆ ಸುಟ್ಟಂತೆ ಕಾಣುತ್ತವೆ.

ಟೆಸ್ಟ್ ಬಂದ ಮೇಲೆ ಮೊದಲ ಸಲ ಕಣ್ಣು ಮುಚ್ಚಿ ಕೇಳಿ. ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುವುದು ಇದಕ್ಕೆ. ಕನ್ನಡದಲ್ಲಿ ಹೌದು-ಅಲ್ಲ ತೀರ್ಮಾನವಾಗುವುದು ವಾಕ್ಯದ ಕೊನೆಯಲ್ಲಿ, ನಮ್ಮ ರೈತರು ಆ ಕೊನೆಯನ್ನೇ ಮೆಲ್ಲಗೆ ನುಂಗಿಬಿಡುತ್ತಾರೆ. 'ಹೂ ಬಿಡೋ ಟೈಮಲ್ಲಿ ಔಷಧಿ ಹೊಡಿಲೇಬೇಕು ಅಂತೇನಿಲ್ಲ' ಅನ್ನುವ ಮಾತಿನಲ್ಲಿ 'ಅಂತೇನಿಲ್ಲ' ಪಿಸುಗುಟ್ಟಿದಂತಿರುತ್ತದೆ. ಸೈಲೆನ್ಸ್ ಕತ್ತರಿಸುವ ಆಟೋ ಟೂಲ್ ಅದನ್ನು ಮೌನ ಅಂದುಕೊಂಡು ಹಾರಿಸುತ್ತದೆ; ಭಾಷೆ ಬಾರದ ಎಡಿಟರ್‌ಗೆ ಗೊತ್ತೂ ಆಗುವುದಿಲ್ಲ. ಉಳಿಯುವುದು 'ಹೊಡಿಲೇಬೇಕು'. ಅದನ್ನು ನಂಬಿ ಯಾರೋ ಪಂಪ್ ಹೆಗಲಿಗೇರಿಸಿರುತ್ತಾರೆ.

ಬಿ-ರೋಲ್‌ನಲ್ಲೂ (ಮಾತಿನ ಜೊತೆ ತೋರಿಸುವ ಹೆಚ್ಚುವರಿ ದೃಶ್ಯ) ಇದೇ ಪಾಡು. ಹಾವೇರಿ ಕಡೆಯವರು ಗೋವಿನಜೋಳ ಅಂದರೆ ಹಾಸನದವರ ಮುಸುಕಿನ ಜೋಳ. 'ಜೋಳ' ಅಂತಷ್ಟೇ ಕೇಳಿಸಿಕೊಂಡವರು ಬಿಳಿಜೋಳದ ತೆನೆ ತೋರಿಸಿದರೆ ಕಾಮೆಂಟಿನಲ್ಲಿ ನಿಮ್ಮ ಮರ್ಯಾದೆ ಹೋಗುತ್ತದೆ.

ಎರಡನೇ ಸಲ ನೋಡುವಾಗ ಅಕ್ಷರ ಗಮನಿಸಿ. ಟೆಸ್ಟಿನಲ್ಲೇ 'ಗೊಬ್ಬರ', 'ಅರ್ಧ ಕ್ವಿಂಟಾಲ್', 'ಕೃಷಿ' ಇರುವ ಒಂದು ಟೈಟಲ್ ಹಾಕಲು ಹೇಳಿ. ಒತ್ತಕ್ಷರ ಬಿಡಿಬಿಡಿಯಾಗಿ ಬಂದಿದ್ದರೆ ಅವರ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಸೌತ್ ಏಷ್ಯನ್ ಟೆಕ್ಸ್ಟ್ ಎಂಜಿನ್ ಆನ್ ಆಗಿಲ್ಲ ಅಂತ ಅನುಮಾನಿಸಬಹುದು. ಹೇಳಿದ ಮೇಲೆ ಸರಿಮಾಡಿ ಕಳಿಸಿದರೆ ತಪ್ಪೆಂದು ಎಣಿಸಬೇಡಿ. ಹಳೇ ಡಿಟಿಪಿ ಫಾಂಟ್ ಬೇಡ, ಯೂನಿಕೋಡ್ ಇರಲಿ. 'ನೋಟೋ ಸಾನ್ಸ್ ಕನ್ನಡ', 'ಬಲೂ ತಮ್ಮ' ಎರಡೂ ಫಾಂಟ್ ಉಚಿತ.

ಧ್ವನಿಯ ಮಟ್ಟವನ್ನು ಅಳತೆ ಕೊಟ್ಟೇ ಹೇಳಿ: ಮೈನಸ್ 14 ಎಲ್‌ಯುಎಫ್‌ಎಸ್ (ಒಟ್ಟಾರೆ ಧ್ವನಿ ಎಷ್ಟು ಜೋರು ಅನ್ನುವ ಅಳತೆ) ಆಸುಪಾಸು, ಪೀಕ್ ಮೈನಸ್ 1 ಡಿಬಿ ದಾಟಬಾರದು. ಇದಕ್ಕಿಂತ ಜೋರಾಗಿದ್ದರೆ ಯೂಟ್ಯೂಬೇ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಎಕ್ಸ್‌ಪೋರ್ಟ್ 1080ಪಿ, 30 ಫ್ರೇಮ್ ಆದರೆ 8 ಎಂಬಿಪಿಎಸ್‌ಗಿಂತ (ಸೆಕೆಂಡಿಗೆ 8 ಮೆಗಾಬಿಟ್ ಡೇಟಾ) ಕಡಿಮೆ ಬೇಡ.

ಫೈಲ್ ಕಳಿಸುವ ದಾರಿ ಮೊದಲೇ ಗೊತ್ತುಮಾಡಿಕೊಳ್ಳಿ. ಐಫೋನಿನ 4ಕೆ, 30 ಫ್ರೇಮ್ ವಿಡಿಯೋ ಎಚ್‌ಇವಿಸಿಯಲ್ಲಿ (ಜಾಗ ಉಳಿಸುವ ವಿಡಿಯೋ ಫಾರ್ಮ್ಯಾಟ್) ನಿಮಿಷಕ್ಕೆ ಸುಮಾರು 170 ಎಂಬಿ. ನಲವತ್ತು ನಿಮಿಷಕ್ಕೆ 7 ಜಿಬಿ ಹತ್ತಿರ, ಎರಡು ವಿಡಿಯೋ ಆದರೆ ಗೂಗಲ್ ಡ್ರೈವಿನ ಉಚಿತ 15 ಜಿಬಿ ಒಂದೇ ವಾರಕ್ಕೆ ಬಹುತೇಕ ಮುಗಿಯಿತು. ನಿಮ್ಮದು 1080ಪಿಯಲ್ಲೇ ಹೋಗುವುದಾದರೆ ಶೂಟ್ ಕೂಡ ಅದರಲ್ಲೇ ಮಾಡಿ. ವಾಟ್ಸಾಪಿನಲ್ಲಂತೂ ಕಳಿಸಬೇಡಿ, ಹಿಂಡಿಬಿಡುತ್ತದೆ.

ರೇಟ್ ಮಾತಾಡುವಾಗ 'ಒಂದು ವಿಡಿಯೋಗೆ ಇಷ್ಟು' ಅಂತ ಬಿಟ್ಟರೆ ಜಗಳ ಖಾತ್ರಿ. ರಾ ಎಷ್ಟು ನಿಮಿಷದವರೆಗೆ, ತಿದ್ದುಪಡಿ ಎಷ್ಟು ಸಲ (ಎರಡು ಸಾಕು), ಥಂಬ್‌ನೇಲ್ ಮತ್ತು ಶಾರ್ಟ್ಸ್ ಸೇರಿದೆಯೋ ಇಲ್ಲವೋ, ಬರೆದಿಡಿ. ತಿದ್ದುಪಡಿ ಹೇಳುವಾಗ '3:42ರಲ್ಲಿ ಮ್ಯೂಸಿಕ್ ತಗ್ಗಿಸಿ' ಅನ್ನಿ. 'ಸ್ವಲ್ಪ ಚೆನ್ನಾಗಿ ಮಾಡಿ' ಅಂದರೆ ಅವರಾದರೂ ಏನು ಮಾಡಿಯಾರು?

ಪ್ರಾಜೆಕ್ಟ್ ಫೈಲ್, ಫಾಂಟ್, ಮ್ಯೂಸಿಕ್ ಲೈಸೆನ್ಸ್ ನಿಮಗೆ ಬರಬೇಕು ಅಂತಲೂ ಅದೇ ಕಾಗದದಲ್ಲಿ ಇರಲಿ. ಹಕ್ಕು ವರ್ಗಾವಣೆ ಬರೆಸಿಕೊಳ್ಳುವುದಾದರೆ ಅವಧಿ, ಪ್ರದೇಶ ಎರಡನ್ನೂ ನಮೂದಿಸಿ. ಇಲ್ಲದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಐದು ವರ್ಷ, ಭಾರತಕ್ಕೆ ಮಾತ್ರ ಅಂತ ಲೆಕ್ಕ.

ಅಪ್‌ಲೋಡ್ ಕೂಡ ಅವರೇ ಮಾಡುವುದಾದರೆ ಪಾಸ್‌ವರ್ಡ್ ಕೊಡಬೇಡಿ. ಯೂಟ್ಯೂಬ್ ಸ್ಟುಡಿಯೋದ ಪರ್ಮಿಷನ್ಸ್‌ನಲ್ಲಿ 'ಎಡಿಟರ್ (ಲಿಮಿಟೆಡ್)' ಕೊಟ್ಟರೆ ಕೆಲಸವೂ ನಡೆಯುತ್ತದೆ, ನಿಮ್ಮ ಆದಾಯವೂ ಅವರಿಗೆ ಕಾಣುವುದಿಲ್ಲ.

ಮೂವರಲ್ಲಿ ಯಾರು ಅಂದರೆ, ಟೆಸ್ಟಿನಲ್ಲಿ ಮಾತು ಕೆಡಿಸದಿದ್ದರೆ ಕನ್ನಡ ಬಲ್ಲವರಿಗೇ ಕೊಡಿ, ಗ್ರಾಫಿಕ್ಸ್ ಸಪ್ಪೆ ಇದ್ದರೂ ಪರವಾಗಿಲ್ಲ. ತಿಂಗಳ ಒಪ್ಪಂದ ಈಗಲೇ ಬೇಡ. ನಾಲ್ಕು ವಿಡಿಯೋಕ್ಕೆ ಮಾತ್ರ ಒಪ್ಪಿಸಿ, ಮೊದಲ ಎರಡನ್ನು ಪ್ರೈವೇಟ್ ಆಗಿ ಅಪ್‌ಲೋಡ್ ಮಾಡಿಸಿ ನೀವೇ ಪೂರ್ತಿ ಕೇಳಿದ ಮೇಲೆ ಪಬ್ಲಿಕ್ ಮಾಡಿ.