ಸಿಖ್ಖರು ಸ್ವರ್ಗವನ್ನು ನಂಬುತ್ತಾರೆಯೇ? ಸತ್ತ ಮೇಲೆ ಆತ್ಮ ಎಲ್ಲಿಗೆ ಹೋಗುತ್ತದೆ?

ಸಿಖ್ಖರ ಪವಿತ್ರ ಗ್ರಂಥವಾದ ಗುರು ಗ್ರಂಥ ಸಾಹಿಬ್‌ನಲ್ಲಿ ಸ್ವರ್ಗ, ನರಕ, ವೈಕುಂಠ ಎಂಬ ಮಾತುಗಳು ಬರುತ್ತವೆ ನಿಜ. ಆದರೆ ಸಿಖ್ಖರಿಗೆ ಸ್ವರ್ಗ ಗುರಿಯಲ್ಲ. ಸಂತರು ಸ್ವರ್ಗ, ನರಕ ಎರಡನ್ನೂ ತಳ್ಳಿಹಾಕುತ್ತಾರೆ ಎಂದು ಅದರಲ್ಲಿರುವ ಕಬೀರರ ಪದವೊಂದು ನೇರವಾಗಿಯೇ ಹೇಳುತ್ತದೆ.

ಹಾಗಾದರೆ ಗುರಿ ಯಾವುದು? ಹುಟ್ಟು ಸಾವಿನ ಸುತ್ತು ಮುಗಿದು ದೇವರಲ್ಲಿ ಬೆರೆಯುವುದು. ಐದನೆಯ ಗುರು ಅರ್ಜನರು 'ಸುಖಮನಿ' ಎಂಬ ಪ್ರಾರ್ಥನಾ ಪದ್ಯದಲ್ಲಿ ಕೊಡುವ ಹೋಲಿಕೆ ನನಗೆ ಬಹಳ ಇಷ್ಟ: ನೀರು ಬಂದು ನೀರಿಗೆ ಸೇರುವ ಹಾಗೆ ಜ್ಯೋತಿ ಜ್ಯೋತಿಯಲ್ಲಿ ಸೇರುತ್ತದೆ. ಸೇರಿದ ಮೇಲೆ ಯಾವ ಹನಿ ಯಾವುದೆಂದು ಬೇರ್ಪಡಿಸಲಾಗದು. ಅಡ್ಡ ನಿಂತಿರುವುದು 'ಹೌಮೈ', ಅಂದರೆ ನಾನು ಎಂಬ ಭಾವ.

ಮೊದಲ ಗುರು ನಾನಕರ ಪ್ರಾರ್ಥನೆ 'ಜಪ್‌ಜಿ' ಈ ದಾರಿಯನ್ನು ಐದು ಖಂಡಗಳಾಗಿ, ಅಂದರೆ ನೆಲೆಗಳಾಗಿ, ಹೇಳುತ್ತದೆ: ಧರ್ಮ, ಜ್ಞಾನ, ಶ್ರಮ, ಕರಮ (ಕೃಪೆ), ಕೊನೆಗೆ ಸತ್ಯದ ನೆಲೆಯಾದ ಸಚ್‌ಖಂಡ. ನಿರಾಕಾರನಾದ ದೇವರು ಇರುವುದು ಅಲ್ಲೇ. ಇದನ್ನು ಮೋಡದಾಚೆಯ ಊರು ಎನ್ನುವುದಕ್ಕಿಂತ ಮನಸ್ಸು ಮುಟ್ಟುವ ನೆಲೆ ಎಂದು ಓದುವುದೇ ಸರಿ ಅನಿಸುತ್ತದೆ. ಏಕೆಂದರೆ ಸಾಯುವವರೆಗೆ ಕಾಯಬೇಕಿಲ್ಲ. ಬದುಕಿರುವಾಗಲೇ ಬಿಡುಗಡೆ ಪಡೆದವರನ್ನು ಸಿಖ್ಖರು 'ಜೀವನ್‌ಮುಕ್ತ' ಎನ್ನುತ್ತಾರೆ. ನಾಮಸ್ಮರಣೆ, ದುಡಿಮೆ, ಹಂಚಿ ಉಣ್ಣುವುದು, ಇವೆಲ್ಲ ಸಂಸಾರದಲ್ಲಿದ್ದೇ ನಡೆಯಬೇಕು. ಆದರೂ ಕೊನೆಯ ಹೆಜ್ಜೆ ದೇವರ ಕೃಪೆಯದು.

ಹಲವು ಗುರುದ್ವಾರಗಳಲ್ಲಿ ರಾತ್ರಿ ಗ್ರಂಥವನ್ನು ವಿಶ್ರಾಂತಿಗೆ ಇರಿಸುವ ಕೋಣೆಗೂ ಸಚ್‌ಖಂಡ ಎಂದೇ ಹೆಸರು.