ಎಸ್ಟಿಮೇಟ್ ಚೀಟಿಯ ಕೊನೆಯ ಸಾಲು

ಪ್ರಶ್ನೆ: ಅಕ್ಕಾ, ನನಗೆ 34 ವರ್ಷ. ಮದುವೆಯಾಗಿ ಐದು ವರ್ಷವಾದರೂ ಮಗು ಆಗಿಲ್ಲ. ಡಾಕ್ಟರ್ ಐವಿಎಫ್, ಅಂದರೆ ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ, ಮಾಡಿಸಿ ಅಂದಿದ್ದಾರೆ. ಮನೆ ಹತ್ತಿರವೇ ಒಂದು ಕ್ಲಿನಿಕ್ ಇದೆ. ಇನ್ನೊಂದು ದೊಡ್ಡದು, ಮೂರು ಗಂಟೆ ದಾರಿ. ಆದರೆ ಅಲ್ಲಿನ ಪ್ಯಾಕೇಜ್ ಸುಮಾರು ಅರ್ಧ ದುಡ್ಡಿಗೇ ಸಿಗುತ್ತದೆ. ಸಕ್ಸಸ್ ರೇಟೂ ಜಾಸ್ತಿ ಅಂತ ಬೋರ್ಡ್ ಹಾಕಿದ್ದಾರೆ. ಎಲ್ಲಿಗೆ ಹೋಗಲಿ?

ಉತ್ತರ: ಎರಡೂ ಕಡೆಯ ಎಸ್ಟಿಮೇಟ್ ಚೀಟಿ ಪಕ್ಕಪಕ್ಕ ಇಟ್ಟುಕೊಳ್ಳಿ. ದೊಡ್ಡ ಅಂಕಿ ಆಮೇಲೆ ನೋಡೋಣ, ಮೊದಲು ಕೊನೆಯ ಸಾಲು ಓದಿ. ಹದಿನಾರು ವರ್ಷ ಇಂಥ ಕ್ಲಿನಿಕ್ಕುಗಳಲ್ಲಿ ನರ್ಸ್ ಆಗಿದ್ದವಳು ನಾನು. ಅಗ್ಗದ ಪ್ಯಾಕೇಜಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಔಷಧ ಪ್ರತ್ಯೇಕ' ಅಂತ ಬರೆದಿರುವುದನ್ನು ಎಷ್ಟು ಸಲ ನೋಡಿದ್ದೇನೋ!

ಆ ಔಷಧದ ಖರ್ಚು ಸಣ್ಣದಲ್ಲ. ಅಂಡಾಣು ಬೆಳೆಸುವ ಇಂಜೆಕ್ಷನ್ ಸಾಮಾನ್ಯವಾಗಿ 8ರಿಂದ 14 ದಿನ, ದಿನಾ ಚುಚ್ಚಬೇಕು. ಡೋಸ್ ನಿಮ್ಮ ವಯಸ್ಸು, ಎಎಂಎಚ್ ರಿಪೋರ್ಟ್ (ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ), ಸ್ಕ್ಯಾನ್ ನೋಡಿ ನಿರ್ಧಾರವಾಗುತ್ತದೆ. ಹಾಗಾಗಿ ಗೆಳತಿಯ ಬಿಲ್ ನೋಡಿ ನಿಮ್ಮ ಬಿಲ್ ಊಹಿಸಬೇಡಿ. 'ನನ್ನ ರಿಪೋರ್ಟ್ ಪ್ರಕಾರ ಕಡಿಮೆ ಅಂದ್ರೆ ಎಷ್ಟು, ಜಾಸ್ತಿ ಅಂದ್ರೆ ಎಷ್ಟು, ಬರೆದುಕೊಡಿ' ಅಂತ ಕೇಳಿ. ಅರಿವಳಿಕೆ, ಇಕ್ಸಿ (ಒಂದೊಂದು ಅಂಡಾಣುವಿನೊಳಗೆ ಒಂದು ವೀರ್ಯಾಣುವನ್ನು ಸೂಜಿಯಿಂದ ಬಿಡುವುದು), ಭ್ರೂಣವನ್ನು ಐದನೇ ದಿನದವರೆಗೆ ಬೆಳೆಸುವುದು ಒಳಗೇ ಸೇರಿದೆಯಾ? ಸೈಕಲ್, ಅಂದರೆ ಚಿಕಿತ್ಸೆಯ ಒಂದು ಸುತ್ತು, ಅರ್ಧಕ್ಕೆ ನಿಂತರೆ ಎಷ್ಟು ವಾಪಸ್ ಬರುತ್ತದೆ? ಫ್ರೀಜ್ ಮಾಡಿದ ಭ್ರೂಣವನ್ನು ಆಮೇಲೆ ಗರ್ಭಕೋಶಕ್ಕೆ ಬಿಡಲು ಬೇರೆ ಬಿಲ್ಲಾ?

ಈ ಕೊನೆಯ ಪ್ರಶ್ನೆಗೆ ಕಾರಣವಿದೆ. ನಾನಿದ್ದ ಒಂದು ಕಡೆ ಒಂದು ದಂಪತಿಗೆ ನಾಲ್ಕು ಒಳ್ಳೆಯ ಭ್ರೂಣ ಸಿಕ್ಕಿದ್ದವು. ನಾಲ್ಕನ್ನೂ ಫ್ರೀಜ್ ಮಾಡಿದ್ದರು. ಮುಂದಿನ ಹಂತಕ್ಕೆ ಮತ್ತೆ ದುಡ್ಡು ಕಟ್ಟಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆಕೆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡು, 'ಹೊಂದಿಸ್ಕೊಂಡು ಬರ್ತೀವಿ ಸಿಸ್ಟರ್' ಅಂದರು. ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟೂ ದಿನ ಭ್ರೂಣ ಇಟ್ಟಿದ್ದಕ್ಕೆ ಬಾಡಿಗೆ ಏರುತ್ತಲೇ ಇತ್ತು. ಮೊದಲ ದಿನವೇ ಹೇಳಬೇಕಿತ್ತು ನಾವು. ಮೊದಲ ಪ್ರಯತ್ನದಲ್ಲೇ ಎಲ್ಲರಿಗೂ ಆಗುವುದಿಲ್ಲ. ಇರುವ ದುಡ್ಡನ್ನೆಲ್ಲ ಮೊದಲ ಸುತ್ತಿಗೇ ಸುರಿಯಬೇಡಿ.

ಇನ್ನು ಬೋರ್ಡಿನ ಸಕ್ಸಸ್ ರೇಟ್. ಯಾವುದನ್ನು ಸಕ್ಸಸ್ ಅಂತಿದ್ದಾರೆ? ರಕ್ತಪರೀಕ್ಷೆ ಪಾಸಿಟಿವ್ ಬಂದದ್ದನ್ನಾ, ಮಗು ಹುಟ್ಟಿದ್ದನ್ನಾ? ಎರಡರ ನಡುವೆ ತುಂಬಾ ಅಂತರವಿದೆ. ಭ್ರೂಣ ಬಿಡುವ ಹಂತ ಮುಟ್ಟಿದವರನ್ನು ಮಾತ್ರ ಎಣಿಸಿದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಮಧ್ಯದಲ್ಲೇ ನಿಂತವರು ಲೆಕ್ಕದಲ್ಲಿ ಇರುವುದಿಲ್ಲ. 'ನನ್ನ ವಯಸ್ಸಿನವರಲ್ಲಿ, ಇಂಜೆಕ್ಷನ್ ಶುರು ಮಾಡಿದ ನೂರು ಜನರಲ್ಲಿ ಎಷ್ಟು ಜನ ಮಗು ಎತ್ತಿಕೊಂಡು ಹೋದರು?' ಇದನ್ನೇ ಕೇಳಿ. ತಡವರಿಸದೆ ಉತ್ತರ ಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ದೂರದ ಮಾತೂ ಸಣ್ಣದಲ್ಲ. ಸ್ಕ್ಯಾನ್‌ಗೆ ಎರಡು ಮೂರು ದಿನಕ್ಕೊಮ್ಮೆ ಹೋಗಬೇಕು, ಆರು ಗಂಟೆ ಓಡಾಟ. ಅಂಡಾಣು ಪಕ್ವವಾಗಲು ಕೊನೆಗೆ ಕೊಡುವ ಟ್ರಿಗರ್ ಇಂಜೆಕ್ಷನ್‌ಗಂತೂ ಗಡಿಯಾರವೇ ಯಜಮಾನ. ರಾತ್ರಿ 10ಕ್ಕೆ ಚುಚ್ಚಿಕೊಂಡರೆ ನಾಡಿದ್ದು ಬೆಳಿಗ್ಗೆ 9ರ ಹೊತ್ತಿಗೆ ಅಂಡಾಣು ತೆಗೆಯಬೇಕು. ತಡವಾದರೆ ಅಂಡಾಣು ಕೈಗೆ ಸಿಗದೇ ಹೋಗಬಹುದು. ಆಮೇಲೆ ಕೆಲವರಿಗೆ ಅಂಡಾಶಯ ಊದಿಕೊಂಡು ಹೊಟ್ಟೆ ಬಿಗಿಯುತ್ತದೆ, ಉಸಿರಾಡಲು ಕಷ್ಟವಾಗುತ್ತದೆ. ಅಂಥ ರಾತ್ರಿ ಫೋನ್ ಎತ್ತುವವರು ಯಾರು ಅಂತ ಎರಡೂ ಕಡೆ ಕೇಳಿ.

ಹಾಗಾಗಿ ನನ್ನ ಮನಸ್ಸು ಹತ್ತಿರದ ಕ್ಲಿನಿಕ್ ಕಡೆಗೇ ಇದೆ. ಆದರೆ ಭ್ರೂಣ ಬೆಳೆಸುವ ಲ್ಯಾಬ್ ಅಲ್ಲೇ ಇರಬೇಕು, ಎಂಬ್ರಿಯಾಲಜಿಸ್ಟ್ (ಲ್ಯಾಬ್‌ನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞರು) ದಿನವೂ ಬರುವವರಾಗಿರಬೇಕು. ಗರ್ಭಕೋಶದ ಪದರ ಕೆರೆಯುವುದು, ಅದು ಇದು ಅಂತ ಹೆಚ್ಚುವರಿ ಚಿಕಿತ್ಸೆ ಸೇರಿಸಿದರೆ ಸುಮ್ನೆ ಒಪ್ಪಬೇಡಿ. ಬ್ರಿಟನ್ನಿನಲ್ಲಿ ಐವಿಎಫ್ ಕ್ಲಿನಿಕ್ಕುಗಳ ನಿಯಂತ್ರಣ ಸಂಸ್ಥೆಯಾದ ಎಚ್‌ಎಫ್‌ಇಎ, ಇಂಥ ಚಿಕಿತ್ಸೆಗಳಿಗೆ ಎಷ್ಟು ಪುರಾವೆ ಇದೆ ಅಂತ ಬಣ್ಣದ ಗುರುತು ಹಾಕಿ ತನ್ನ ವೆಬ್‌ಸೈಟ್‌ನಲ್ಲಿ ಇಟ್ಟಿದೆ. ಯಾರು ಬೇಕಾದರೂ ಓದಬಹುದು.

ಪ್ರಶ್ನೆ: ಮೇಡಂ, ನನ್ನ ವೀರ್ಯ ಪರೀಕ್ಷೆಯಲ್ಲಿ ಕೌಂಟ್ ಕಡಿಮೆ ಬಂದಿದೆ. ಕೂಡಲೇ ಇಕ್ಸಿಗೆ ಅಡ್ವಾನ್ಸ್ ಕಟ್ಟಿ ಅಂತಿದ್ದಾರೆ. ಕಟ್ಟಲಾ?

ಉತ್ತರ: ನೀವೇ ಮುಂದೆ ಬಂದು ಪರೀಕ್ಷೆ ಮಾಡಿಸಿಕೊಂಡದ್ದು ನನಗೆ ತುಂಬಾ ಸಂತೋಷ. ಹೆಂಡತಿಗೆ ಹತ್ತು ಪರೀಕ್ಷೆ ಆದ ಮೇಲೂ ಗಂಡನ ಒಂದೂ ರಿಪೋರ್ಟ್ ಇಲ್ಲದ ಫೈಲುಗಳು ನನ್ನ ಕೈಯಲ್ಲಿ ಎಷ್ಟೋ ಹಾದುಹೋಗಿವೆ.

ಇಕ್ಸಿ ಒಳ್ಳೆಯ ವಿಧಾನವೇ. ಅದರಿಂದಾದ ಗರ್ಭಗಳ ಬಗ್ಗೆ ಬ್ರಸೆಲ್ಸ್‌ನ ವೈದ್ಯರು 1992ರಲ್ಲಿ ಮೊದಲು ವರದಿ ಮಾಡಿದರು. ಕೌಂಟ್ ತೀರಾ ಕಡಿಮೆ ಇರುವವರಿಗೆ ಅದು ದೊಡ್ಡ ದಾರಿ ತೆರೆಯಿತು. ಆದರೆ ಒಂದೇ ರಿಪೋರ್ಟ್ ನೋಡಿ ದುಡ್ಡು ಕಟ್ಟಬೇಡಿ. ವೀರ್ಯಾಣು ತಯಾರಾಗಿ ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ನಿಮಗೆ ಜೋರು ಜ್ವರ ಬಂದಿತ್ತಾ? ಅದೊಂದೇ ಸಾಕು ಕೌಂಟ್ ಇಳಿಯಲು. ಹೆಂಡತಿಯ ವಯಸ್ಸು ಅವಸರ ಮಾಡದಿದ್ದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ. ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗದಂತೆ ಸಂಯಮ ಇರಲಿ. ಮನೆಯಿಂದ ಸ್ಯಾಂಪಲ್ ಒಯ್ಯುವುದಾದರೆ ಡಬ್ಬಿಯನ್ನು ಅಂಗಿಯ ಒಳಗೆ, ಮೈಯ ಬಿಸಿಗೆ ತಾಗುವಂತೆ ಇಟ್ಟುಕೊಂಡು ಒಂದು ಗಂಟೆಯೊಳಗೆ ಲ್ಯಾಬ್‌ಗೆ ತಲುಪಿಸಿ.