ಮುತ್ತಾತ ಚಾಂಪಿಯನ್ ಆದರೆ ಮರಿ ಓಡುತ್ತಾ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ. ಎರಡೂವರೆ ವರ್ಷದ ಮುಧೋಳ ಹೆಣ್ಣು ನಾಯಿ ಇದೆ, ಮರಿ ಮಾಡಿಸಬೇಕು. ಎರಡು ಗಂಡು ನೋಡಿದ್ದೇನೆ. ಒಂದಕ್ಕೆ ವಂಶಾವಳಿ ಕಾಗದ ಇದೆ, ಅದರ ಮುತ್ತಾತ ಶೋ ಚಾಂಪಿಯನ್ ಅಂತೆ. ಇನ್ನೊಂದು ಮುಧೋಳ ತಾಲ್ಲೂಕಿನ ರೈತರದ್ದು. ಕಾಗದ ಇಲ್ಲ, ಓಟ ಮಾತ್ರ ಬಾಣ. ಯಾವುದು ಸರಿ?

ಉತ್ತರ: ಮೊದಲು ಆ ಬಿರುದಿನ ವಿಷಯ. ಮುತ್ತಾತನ ಪಾಲು ಆ ಗಂಡಿನಲ್ಲೇ ಸರಾಸರಿ 8ರಲ್ಲಿ 1. ನಿಮ್ಮ ಮರಿಗೆ ಬರುವಷ್ಟರಲ್ಲಿ 16ರಲ್ಲಿ 1. ಅದೂ ಶೋ ಬಿರುದು. ಅಲ್ಲಿ ತೀರ್ಪುಗಾರರು ಮೈಕಟ್ಟು, ಹಲ್ಲು, ನಡಿಗೆ ನೋಡುತ್ತಾರೆ. ನಾಯಿ ಹಗ್ಗದಲ್ಲಿ ಒಂದು ಸುತ್ತು ಕುದುರೆ ಹೆಜ್ಜೆ ಹಾಕುತ್ತದೆ, ಅಷ್ಟೇ. ಹೊರದೇಶಗಳಲ್ಲಿ ಪ್ಲಾಸ್ಟಿಕ್ ಚೀಲವನ್ನು ದಾರಕ್ಕೆ ಕಟ್ಟಿ ಎಳೆದು, ಹಿಂದೆ ನಾಯಿ ಓಡಿಸುವ ಸ್ಪರ್ಧೆಗಳಿವೆ. ಅಂಥ ಬಿರುದಾದರೆ ಓಟದ ಬಗ್ಗೆ ಏನಾದರೂ ಹೇಳುತ್ತದೆ. ನಮ್ಮಲ್ಲಿ ಮೊಲದ ಬೇಟೆಯೇ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. 'ಮೊಲ ಹಿಡಿಸಿ ತೋರಿಸ್ತೀನಿ' ಅಂದವರ ಹತ್ತಿರ ಸುಮ್ನೆ ಹೋಗಬೇಡಿ.

ಹಾಗಂತ ಕಾಗದ ಬೇಡ ಅಂತಲ್ಲ. ಅದರ ಕೆಲಸವೇ ಬೇರೆ: ಯಾವ ನಾಯಿಗೆ ಯಾವುದು ನೆಂಟ ಅಂತ ತಿಳಿಸುವುದು. ನಿಮ್ಮ ಹೆಣ್ಣು ಎಲ್ಲಿಂದ ಬಂತು? ಅದೂ ಮುಧೋಳದ ಕಡೆಯದೇ ಅಲ್ವಾ? ಹಳ್ಳಿಯಲ್ಲಿ ಒಂದು ಗಂಡು ಚೆನ್ನಾಗಿ ಓಡಿದರೆ ಸುತ್ತಲಿನ ಎಲ್ಲ ಹೆಣ್ಣುಗಳೂ ಅದರ ಹತ್ತಿರವೇ ಬರುತ್ತವೆ. ರೈತರ ಆ ಬಾಣ ನಿಮ್ಮ ನಾಯಿಗೆ ಒಂದೇ ಅಪ್ಪನ ಅಣ್ಣ ಆಗಿದ್ದರೆ? ಹಾಗೆ ಕೂಡಿಸಿದರೆ ಮರಿಗಳ ಒಳಸಂತಾನ ಪ್ರಮಾಣ (ಅಪ್ಪ-ಅವ್ವ ಇಬ್ಬರಿಂದಲೂ ಒಂದೇ ಪೂರ್ವಜನ ಅದೇ ವಂಶವಾಹಿ ಬರುವ ಸಾಧ್ಯತೆ) 12.5%. ಪೂರ್ತಿ ಅಣ್ಣ-ತಂಗಿಯಾದರೆ 25%. ಮರಿಗಳು ಕಡಿಮೆ ಹುಟ್ಟುತ್ತವೆ, ಹುಟ್ಟಿದವೂ ಕೊರಗುತ್ತವೆ. ಅದಕ್ಕೇ ಹೋಗಿ ಕೇಳಿ: ಇದರ ಅಪ್ಪ ಯಾವುದು, ಅವ್ವ ಯಾರ ಮನೆಯದು? ನಿಮ್ಮದು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಕೇಂದ್ರದಿಂದ ತಂದದ್ದಾದರೆ ಅದರ ತಂದೆ-ತಾಯಿ ವಿವರ ಅಲ್ಲೇ ಕೇಳಿ.

ಆಮೇಲೆ ಎರಡನ್ನೂ ಬೆಳಿಗ್ಗೆ ತಂಪಿನಲ್ಲಿ, ಕಬ್ಬು ಕಡಿದ ಬಯಲಿನಲ್ಲಿ ಬಿಡಿಸಿ ನೋಡಿ. ವೇಗಕ್ಕೆ ಮರುಳಾಗಬೇಡಿ, ನಿಂತ ಮೇಲೆ ನೋಡಿ. ಉಸಿರು ಎಷ್ಟು ಬೇಗ ಹತೋಟಿಗೆ ಬರುತ್ತದೆ? ಅಂಗಾಲು ಹರಿದಿದೆಯಾ? ತಿರುಗುವಾಗ ಹಿಂಗಾಲು ಜಾರುತ್ತದೆಯಾ? ಒಡಹುಟ್ಟಿದವು ಎರಡಾದರೂ ಸಿಕ್ಕರೆ ಅವನ್ನೂ ಓಡಿಸಿ. ಒಂದೇ ನಾಯಿ ಓಡಿದರೆ ಅದು ಅದರ ಅದೃಷ್ಟವೂ ಇರಬಹುದು, ಮೂರು ಓಡಿದರೆ ರಕ್ತದಲ್ಲಿದೆ. ನಾನೇ ಒಮ್ಮೆ ಉದ್ದನೆಯ ವಂಶಾವಳಿ ನೋಡಿ ಮರಿ ತಂದಿದ್ದೆ. ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ಸೇರಿದ್ದು ಎರಡು ದಿನ ಹೊರಗೆ ಬರಲಿಲ್ಲ. ಅದರ ತಾಯಿಯನ್ನು ನಾನು ನೋಡಿಯೇ ಇರಲಿಲ್ಲ.

ನೆಂಟಸ್ತಿಕೆ ಇಲ್ಲ ಅಂತ ಖಾತ್ರಿಯಾದರೆ ನನ್ನ ಓಟು ರೈತರ ನಾಯಿಗೆ. ಕೂಡಿಸುವ ಮುಂಚೆ ಗಂಡು-ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ರಕ್ತ ಪರೀಕ್ಷೆ ತಪ್ಪದೆ ಮಾಡಿಸಿ. ಗರ್ಭ ಇಳಿಸುವ ರೋಗ ಅದು, ಮನುಷ್ಯರಿಗೂ ಅಂಟುತ್ತದೆ.